ಪದಚರ್ಚೆ: 'ನ್ಯಾಚುರಲ್ ಲಾ'ಗೆ ನಿಸರ್ಗ ನಿಯಮ ಎಂದರೆ ಸಾಲದು, ಮತ್ತೇನು?

ಬಳಗದವರಿಗೆ ನಮಸ್ಕಾರ.

ಐರ್ಲೆಂಡಿನಲ್ಲಿ ಕ್ಯಾಥೋಲಿಕ್ ಬೋಧನೆ ಕಾನೂನಿನೊಳಗೆ ಹೊಕ್ಕ ಬಗೆ ಕುರಿತು ಬರೆಯುತ್ತಿದ್ದೇನೆ. 'ನ್ಯಾಚುರಲ್ ಲಾ' ಎಂಬಲ್ಲಿ ಗಾಡಿ ನಿಂತಿದೆ. 'ನಿಸರ್ಗ ನಿಯಮ', 'ಪ್ರಕೃತಿ ನಿಯಮ' ಎಂದರೆ ನ್ಯೂಟನ್ನನಿಗೆ ಒಪ್ಪುತ್ತದೆ, ಹದಿಮೂರನೇ ಶತಮಾನದ ಕ್ಯಾಥೋಲಿಕ್ ಚಿಂತಕ ಥಾಮಸ್ ಅಕ್ವಿನಾಸನಿಗೆ ಒಪ್ಪುವುದಿಲ್ಲ. ಅವನು ಹೇಳುವುದು ಮನುಷ್ಯ ತನ್ನ ವಿವೇಕದಿಂದಲೇ ಕಂಡುಕೊಳ್ಳಬಲ್ಲ ನೀತಿಯನ್ನು. ಬೈಬಲ್ ಮುಟ್ಟದವನಿಗೂ ಅದು ತಿಳಿಯಬೇಕು. ಧರ್ಮಸಭೆ (ಕ್ಯಾಥೋಲಿಕ್ ಚರ್ಚು) ಅದನ್ನು ಇಡೀ ದೇಶದ ಕಾನೂನಿಗೂ ಅನ್ವಯಿಸುವುದು ಈ ತರ್ಕದಿಂದಲೇ. ಭಾನುವಾರದ ಬಲಿಪೂಜೆ (ಚರ್ಚಿನ 'ಮಾಸ್') ಕ್ಯಾಥೋಲಿಕರಿಗಷ್ಟೇ ಇದ್ದ ಕಟ್ಟಳೆ, ಅದನ್ನು ತಪ್ಪಿಸುವುದು ಪಾಪವಾಗಿತ್ತು, ಅಪರಾಧವಾಗಿರಲಿಲ್ಲ. ಗರ್ಭನಿರೋಧಕ ಮಾರುವುದು, ಹೊರಗಿನಿಂದ ತರುವುದು ಮಾತ್ರ 1935ರಲ್ಲಿ ಅಪರಾಧವೇ ಆಯಿತು.

'ನೈಸರ್ಗಿಕ' ಎಂಬ ವಿಶೇಷಣ ಇನ್ನೂ ತೊಡಕಿನದು. ನಮ್ಮಲ್ಲಿ ಅದು ರಾಸಾಯನಿಕ ಹಾಕದ ಬೆಲ್ಲ, ಸೋಪುಗಳಿಗೆ ಹೇಳುವ ಮಾತು. 1968ರಲ್ಲಿ ಆರನೇ ಪೌಲ್ ಜಗದ್ಗುರುಗಳು (ಪೋಪ್) ಹೊರಡಿಸಿದ 'ಹ್ಯೂಮಾನೆ ವೀಟೆ' ಪತ್ರ ಕೃತಕ ಗರ್ಭನಿರೋಧವನ್ನು ನಿಷೇಧಿಸಿತು ಎಂದು ಬರೆದರೆ, ತಕರಾರು ರಬ್ಬರಿನ ಮೇಲೆ, ಮಾತ್ರೆಯ ಮೇಲೆ ಎಂದೇ ಓದುಗ ತಿಳಿಯುತ್ತಾನೆ. ಹಾಗಲ್ಲ. ಸ್ಖಲನಕ್ಕೆ ಮುನ್ನ ಹಿಂದೆಗೆಯುವ ವಿಧಾನಕ್ಕೆ ಯಾವ ಸಾಧನವೂ ಬೇಡ, ಆದರೂ ಅದು ನಿಷಿದ್ಧ. ತಿಂಗಳಿನ ಫಲವತ್ತಲ್ಲದ ದಿನ ಲೆಕ್ಕಹಾಕಿ ಕೂಡುವುದಕ್ಕೆ ಒಪ್ಪಿಗೆಯಿದೆ, ಅದೂ ತಕ್ಕ ಕಾರಣವಿದ್ದರೆ. ಅವರ ದೃಷ್ಟಿಯಲ್ಲಿ ಕೂಟದ ಸ್ವಭಾವವೇ ಸಂತಾನಕ್ಕೆ ತೆರೆದಿರುವುದು, ಅದನ್ನು ಬೇಕೆಂದೇ ಕೆಡಿಸಬಾರದು. ಇದನ್ನು 'ಪ್ರಕೃತಿ ವಿರುದ್ಧ' ಎಂದುಬಿಟ್ಟರೆ "ಪ್ರಾಣಿಗಳೂ ಹಾಗೇ ಮಾಡುತ್ತವಲ್ಲ" ಎಂಬ ಮಾಮೂಲು ವಾದಕ್ಕೆ ನಾವೇ ಬಾಗಿಲು ತೆರೆದಂತೆ.

ಇದೇ ಪದ ಎದುರು ಪಕ್ಷಕ್ಕೂ ದುಡಿದಿದೆ. 1937ರ ಐರಿಷ್ ಸಂವಿಧಾನದ 41ನೇ ವಿಧಿ ಕುಟುಂಬದ ಹಕ್ಕುಗಳು ಶಾಸನಕ್ಕಿಂತ ಮೊದಲಿನವು, ಮೇಲಿನವು ಎನ್ನುತ್ತದೆ. ಅದರ ಹಿಂದಿದ್ದದ್ದು ಕ್ಯಾಥೋಲಿಕ್ ಚಿಂತನೆ. ವಿಚ್ಛೇದನ ನಿಷೇಧವೂ ಆ ವಿಧಿಯಲ್ಲೇ ಇತ್ತು. ಮೇರಿ ಮೆಗೀ ನಾಲ್ಕು ಮಕ್ಕಳ ತಾಯಿ. ಮತ್ತೆ ಬಸುರಾದರೆ ಜೀವಕ್ಕೆ ಅಪಾಯ ಎಂದು ವೈದ್ಯರು ಎಚ್ಚರಿಸಿದ್ದರು. ಆಕೆ ಅಂಚೆಯಲ್ಲಿ ತರಿಸಿದ ಗರ್ಭನಿರೋಧಕ ಜೆಲ್ಲಿಯನ್ನು ಕಸ್ಟಮ್ಸಿನವರು ಹಿಡಿದಿಟ್ಟರು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆಮದು ನಿಷೇಧವನ್ನು ಹೊಡೆದುಹಾಕಿತು, ನ್ಯಾಯಮೂರ್ತಿ ವಾಲ್ಷ್ ಅವರ ತೀರ್ಪಿನಲ್ಲಿ ಅದೇ ನ್ಯಾಚುರಲ್ ಲಾ ಕಾಣಿಸುತ್ತದೆ! ಗಂಡ ಹೆಂಡಿರ ಖಾಸಗಿತನ ಶಾಸನಕ್ಕೂ ಮಿಗಿಲು ಎಂಬ ಅರ್ಥದಲ್ಲಿ. ನಾವು ಆರಿಸುವ ಪದ ಎರಡೂ ಭಾರ ಹೊರಬೇಕು.

ಎಲ್ಲವನ್ನೂ ಧರ್ಮಸಭೆಯ ಲೆಕ್ಕಕ್ಕೆ ಬರೆಯಲೂ ಬಾರದು. ಸಲಿಂಗ ಕೂಟವನ್ನೂ ಗರ್ಭಪಾತವನ್ನೂ ಅಲ್ಲಿ ಅಪರಾಧವಾಗಿಸಿದ್ದ 1861ರ ಕಾಯ್ದೆ ಲಂಡನ್ನಿನ ಸಂಸತ್ತಿನದು, ನಮ್ಮ ಹಿಂದಿನ ದಂಡಸಂಹಿತೆಯ 377ನೇ ಕಲಮಿನ ಓರಗೆಯದು. ಸ್ವತಂತ್ರ ಐರ್ಲೆಂಡ್ ಅದನ್ನು ಕೈಬಿಡಲಿಲ್ಲ. ಸಲಿಂಗ ಕೂಟದ ಮೇಲಿನ ನಿಷೇಧ ಬಿದ್ದದ್ದು 1993ರಲ್ಲಿ. ಗರ್ಭಪಾತದ ನಿಷೇಧಕ್ಕೆ 1983ರ ಎಂಟನೇ ತಿದ್ದುಪಡಿ ಸಂವಿಧಾನದ ಬೇಲಿ ಕಟ್ಟಿತು. 2012ರಲ್ಲಿ ಗರ್ಭಪಾತ ಕೇಳಿಯೂ ಸಿಗದೆ ಗಾಲ್ವೇಯ ಆಸ್ಪತ್ರೆಯಲ್ಲಿ ತೀರಿಕೊಂಡ ಬೆಳಗಾವಿಯ ಸವಿತಾ ಹಾಲಪ್ಪನವರ್ ನಮಗೆಲ್ಲ ನೆನಪಿದ್ದಾರೆ. "ಇದು ಕ್ಯಾಥೋಲಿಕ್ ದೇಶ" ಎಂದು ತಾನು ಹೇಳಿದ್ದು ನಿಜವೆಂದು ಅಲ್ಲಿನ ಸೂಲಗಿತ್ತಿಯೊಬ್ಬರು ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. ಆ ತಿದ್ದುಪಡಿ ಹೋದದ್ದು 2018ರ ಜನಮತದಲ್ಲಿ.

ಪದಕ್ಕೆ ಬರುತ್ತೇನೆ. 'ಸಹಜ ಧರ್ಮ' ಕಿವಿಗೆ ಹಿತ, ಆದರೆ ಇಂದಿನ ಓದುಗನಿಗೆ ಧರ್ಮ ಎಂದರೆ ಮತ. 'ಸಹಜ ನ್ಯಾಯ'ವನ್ನು ನಮ್ಮ ಕೋರ್ಟುಗಳು ಆಗಲೇ ಬೇರೆ ಕೆಲಸಕ್ಕೆ, ಎರಡೂ ಕಡೆಯ ಮಾತು ಕೇಳಿ ತೀರ್ಮಾನಿಸಬೇಕೆಂಬ ತತ್ವಕ್ಕೆ, ಹಚ್ಚಿವೆ. ವೇದದ 'ಋತ' ಎಂದರೆ ಅಕ್ವಿನಾಸನಿಗೆ ಜನಿವಾರ ಹಾಕಿದಂತೆ. ನನ್ನ ಒಲವು 'ಸ್ವಭಾವ ನೀತಿ'ಯ ಕಡೆ, ಎದುರಿಗೆ, ಮನುಷ್ಯರು ಮಾಡಿದ ಕಾನೂನಿಗೆ, 'ಶಾಸನ'. ಮೆಗೀ ತೀರ್ಪಿನ ಸಂದರ್ಭಕ್ಕೆ ಮಾತ್ರ 'ನೀತಿ' ತೆಳುವಾಯಿತು ಅನ್ನಿಸುತ್ತದೆ. ಉಪದೇಶದ ದನಿ ಬರುತ್ತದೆ, ಹಕ್ಕಿನ ದನಿ ಬರುವುದಿಲ್ಲ. ಅಲ್ಲಿಗೆ 'ಸ್ವಭಾವ ವಿಧಿ' ಆದೀತೇ, ಅಥವಾ 'ವಿಧಿ' ಹಣೆಬರಹವನ್ನು ಎಳೆದು ತರುತ್ತದೆಯೇ? ಚರ್ಚಿನ ಕನ್ನಡ ಬಳಸಿ ಬೆಳೆದವರು, ವಕೀಲಿ ಮಾಡುವವರು ದಯವಿಟ್ಟು ತಿಳಿಸಿ.