ಹಳೆಯ ಕ್ಯಾಂಪರ್ ವ್ಯಾನನ್ನು ದುರಸ್ತಿ ಮಾಡಿಸದೆ ಮಾರುವುದು ಹೇಗೆ?

ಪ್ರಶ್ನೆ:
ನಮ್ಮ ತಂದೆಯವರ 1974ರ ಫೋಕ್ಸ್‌ವ್ಯಾಗನ್ ಟೈಪ್ 2 ಕ್ಯಾಂಪರ್ ವ್ಯಾನ್ ಹದಿನಾರು ವರ್ಷಗಳಿಂದ ಶೆಡ್ಡಿನಲ್ಲಿ ನಿಂತಿದೆ. ಒಳಗಿನ ಮರದ ಕಪಾಟುಗಳು, ಮಡಚುವ ಹಾಸಿಗೆ, ಮೇಲಕ್ಕೆತ್ತುವ ಛಾವಣಿ ಎಲ್ಲವೂ ಮೊದಲಿನವೇ ಆಗಿವೆ. ಆದರೆ ತಳಭಾಗಕ್ಕೆ ತುಕ್ಕು ಹಿಡಿದಿದೆ, ಎಂಜಿನ್ ಚಾಲೂ ಆಗುವುದಿಲ್ಲ. ದುರಸ್ತಿಯ ವೆಚ್ಚವನ್ನು ಭರಿಸುವ ಶಕ್ತಿ ನನಗಿಲ್ಲ, ಗುಜರಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ. ಅದನ್ನು ಮತ್ತೆ ರಸ್ತೆಗಿಳಿಸುವವರಿಗೇ ಕೊಡಬೇಕೆಂಬುದು ನನ್ನ ಆಸೆ. ತೂತುಗಳಿಗೆ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿದರೆ ಹೆಚ್ಚಿನ ಬೆಲೆ ಬರುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಇದು ಸರಿಯೇ?

ಉತ್ತರ 1:
ದಯವಿಟ್ಟು ಬಣ್ಣ ಹೊಡೆಸಬೇಡಿ. ನಾನು ಕೊಂಡ ಮೊದಲ ವ್ಯಾನಿಗೆ ಹೊಸ ಬಣ್ಣವಿತ್ತು. ಕೆರೆದು ನೋಡಿದಾಗ ಕೆಳಗೆ ಇದ್ದದ್ದು ಬರೀ ಪುಟ್ಟಿ, ತಗಡು ಇರಲೇ ಇಲ್ಲ. ಈ ವ್ಯಾನಿಗೆ ಲಾರಿಗಿರುವಂತೆ ಬೇರೆಯಾದ ಚಾಸಿ ಇಲ್ಲ, ಬಾಡಿ ಮತ್ತು ತಳ ಒಂದಕ್ಕೊಂದು ಬೆಸೆದುಕೊಂಡೇ ಭಾರ ಹೊರುತ್ತವೆ. ಆದ್ದರಿಂದ ತುಕ್ಕು ಎಲ್ಲಿಯವರೆಗೆ ಹೋಗಿದೆ ಎಂಬುದೇ ಕೊಳ್ಳುವವರ ಮೊದಲ ಪ್ರಶ್ನೆಯಾಗಿರುತ್ತದೆ. ಜಾರುವ ಬಾಗಿಲಿನ ಕೆಳಗಿನ ಅಂಚು, ಜ್ಯಾಕ್ ಕೊಡುವ ಜಾಗಗಳು, ಚಕ್ರದ ಮೇಲಿನ ಕಮಾನುಗಳು, ಮುಂದಿನ ಗಾಜಿನ ಕೆಳಚೌಕಟ್ಟು, ಎಂಜಿನ್ ಪಕ್ಕದಲ್ಲಿ ಬ್ಯಾಟರಿ ಕೂರುವ ತಟ್ಟೆ ಇವುಗಳ ಚಿತ್ರಗಳನ್ನು ಹತ್ತಿರದಿಂದ ತೆಗೆದು, ತೂತು ಬಿದ್ದಿದ್ದರೆ ತೂತು ಎಂದೇ ಬರೆಯಿರಿ. ನೋಡಲು ಬಂದವರು ಅಯಸ್ಕಾಂತ ಹಿಡಿದು (ಅದು ತಗಡಿಗೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ) ಪರೀಕ್ಷಿಸಿದರೆ ಬೇಸರಿಸಬೇಡಿ. ನಿಜವಾಗಿ ದುರಸ್ತಿ ಮಾಡುವವರು ಹಾಗೆಯೇ ನೋಡುತ್ತಾರೆ.

ಉತ್ತರ 2:
ಎಂಜಿನ್ ವಿಷಯದಲ್ಲಿ ಒಂದು ಎಚ್ಚರಿಕೆ. ಓಡಿಸಿ ತೋರಿಸುವ ಆಸೆಯಿಂದ ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟರ್ ತಿರುಗಿಸಬೇಡಿ. ಇಷ್ಟು ವರ್ಷ ನಿಂತ ವಾಹನದಲ್ಲಿ ಪೆಟ್ರೋಲ್ ಪೈಪುಗಳ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಸೋರಿದ ಪೆಟ್ರೋಲಿಗೆ ಬೆಂಕಿ ತಗುಲಿ, ಎಂಜಿನ್ ಕೇಸು ಮೆಗ್ನೀಸಿಯಂ ಮಿಶ್ರಲೋಹದ್ದಾಗಿದ್ದು ಅದಕ್ಕೂ ಹಬ್ಬಿದರೆ ನೀರು ಸುರಿದಷ್ಟೂ ಉರಿ ಹೆಚ್ಚುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಒಂದು ದಿನ ಕಾದು, ಎಂಜಿನ್ನಿನ ಪುಲ್ಲಿಯನ್ನು (ಬೆಲ್ಟ್ ಸುತ್ತುವ ಚಕ್ರವನ್ನು) ಸ್ಪ್ಯಾನರಿನಿಂದ ನಿಧಾನವಾಗಿ ತಿರುಗಿಸಿ. ತಿರುಗಿದರೆ 'ಕೈಯಿಂದ ತಿರುಗುತ್ತದೆ, ಚಾಲೂ ಮಾಡಿ ನೋಡಿಲ್ಲ' ಎಂದು ಬರೆಯಿರಿ. ತಿರುಗದಿದ್ದರೆ ಬಲಪ್ರಯೋಗ ಮಾಡದೆ, ಜಾಮ್ ಆಗಿದೆ ಎಂದೇ ತಿಳಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನೀವು ಹೇಳಿದಂತೆ ಮಾಡಿದೆ, ಎಂಜಿನ್ ತಿರುಗಿತು. ಎರಡು ಪೆಟ್ಟಿಗೆಗಳಲ್ಲಿ ಹಿಡಿಗಳು, ಕಿಟಕಿಯ ಚೌಕಟ್ಟುಗಳು, ಮೇಜಿನ ಕಾಲು ಮೊದಲಾದವು ಸಿಕ್ಕಿವೆ. ಇವುಗಳನ್ನು ಬೇರೆಯಾಗಿ ಮಾರಬಹುದೇ? ಬೆಲೆಯನ್ನು ಹೇಗೆ ನಿರ್ಧರಿಸಲಿ?

ಉತ್ತರ 3:
ಬೇರೆಯಾಗಿ ಮಾರಬೇಡಿ. ಒಳಗಿನ ಸಾಮಾನು ಪೂರ್ಣವಾಗಿರುವುದೇ ನಿಮ್ಮ ವ್ಯಾನಿನ ದೊಡ್ಡ ಬಲ. ತಗಡನ್ನು ಹೊಸದಾಗಿ ಬೆಸೆಯಬಹುದು, ಆ ಕಾಲದ ಕಪಾಟಿನ ಹಿಡಿಯನ್ನು ಹುಡುಕಲು ತಿಂಗಳುಗಳೇ ಬೇಕಾಗುತ್ತವೆ. ಮುಂದಿನ ಆಸನದ ಹಿಂಭಾಗದಲ್ಲಿ ಸಂಕೇತಗಳನ್ನು ಒತ್ತಿದ ಚಿಕ್ಕ ತಗಡಿನ ಫಲಕವಿದೆಯೇ ನೋಡಿ. ತಯಾರಾದ ದಿನ, ಮೂಲ ಬಣ್ಣ, ಕಾರ್ಖಾನೆಯಲ್ಲೇ ಜೋಡಿಸಿದ ಸಲಕರಣೆಗಳು ಯಾವುವು ಎಂಬುದನ್ನು ಅದರಿಂದ ತಿಳಿಯಬಹುದು. ಅದರ ಚಿತ್ರವೂ ಜಾಹೀರಾತಿನಲ್ಲಿರಲಿ. ಚಾಸಿ ಸಂಖ್ಯೆ ದಾಖಲೆಗೆ ಹೊಂದುತ್ತದೆಯೇ ಎಂದು ನೋಡಿ, ನೋಂದಣಿ ಇನ್ನೂ ತಂದೆಯವರ ಹೆಸರಿನಲ್ಲಿದ್ದರೆ ಆ ತೊಡಕನ್ನು ಜಾಹೀರಾತಿಗೆ ಮೊದಲೇ ಬಗೆಹರಿಸಿಕೊಳ್ಳಿ.

ಬೆಲೆಗೆ, ಹೊಳೆಯುವ ವ್ಯಾನುಗಳನ್ನು ನೋಡಬೇಡಿ. ದುರಸ್ತಿಯಾಗದ ವ್ಯಾನುಗಳು ವಾಸ್ತವವಾಗಿ ಎಷ್ಟಕ್ಕೆ ಮಾರಾಟವಾಗಿವೆ ಎಂಬುದನ್ನು ವಿಚಾರಿಸಿ. ಜಾಹೀರಾತಿನಲ್ಲಿ ಕೇಳಿದ ಬೆಲೆ ಲೆಕ್ಕಕ್ಕೆ ಬಾರದು. ಜೊತೆಗೆ ಚಕ್ರಗಳು ಉರುಳುತ್ತವೆಯೇ, ಸ್ಟೀರಿಂಗ್ ತಿರುಗುತ್ತದೆಯೇ ಎಂಬುದನ್ನೂ ತಿಳಿಸಿ. ಬ್ರೇಕ್ ಹಿಡಿಯುವ ಭರವಸೆಯಿಲ್ಲದ ವ್ಯಾನನ್ನು ಟ್ರೈಲರಿನ ಮೇಲೇರಿಸಲು ವಿಂಚ್ (ಹಗ್ಗ ಸುತ್ತಿ ಎಳೆಯುವ ಸಾಧನ) ಬೇಕಾಗುತ್ತದೆ, ಕೊಳ್ಳುವವರು ಅದಕ್ಕೆ ಸಿದ್ಧರಾಗಿ ಬರಬೇಕು.