ತಬಲಾದ ಮರ, ಬಾಯಿ, ಪಾಲಿಶ್: ನಾದಕ್ಕೆ ಯಾವುದು ಮುಖ್ಯ?

ಪ್ರಶ್ನೆ: ಮುಂಬೈಯ ದಾದರ್‌ನಲ್ಲಿ ಎರಡು ಸೀಸಮ್ ಮರದ ತಬಲಾ ನೋಡಿದ್ದೇನೆ. ಬಾಯಿ ಒಂದರದು 5.25 ಇಂಚು, ಇನ್ನೊಂದರದು 5.75, ಅದಕ್ಕೆ ಹೊಳೆಯುವ ವಾರ್ನಿಶ್. ಕಾಳಿ ಏಕ್ ಶ್ರುತಿಗೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆ, C#) ಯಾವುದು?

ಉತ್ತರ 1: 5.25. ದೊಡ್ಡ ಬಾಯಿಯನ್ನು ಅಷ್ಟು ಏರಿಸಿದರೆ ಬಿಗಿ ತಾಳದೆ ಪುಡಿ (ಬಾಯಿಗೆ ಬಿಗಿದ ಚರ್ಮದ ಹೊದಿಕೆ) ಹರಿಯಬಹುದು. ಹೊಳಪು ಕಣ್ಣಿಗಷ್ಟೇ ಸ್ವಾಮಿ.

ಉತ್ತರ 2: ಮರದ ಕೆಲಸ ಅಲುಗದೆ ನಿಲ್ಲೋದು. ಗೋಡೆ ತೆಳುವಾದರೆ ಅದೂ ನಡುಗಿ ನಾದ ಬೇಗ ಅಡಗುತ್ತೆ. ಹಾಗಂತ ಭಾರಕ್ಕೇ ಮರುಳಾಗಬೇಡಿ, ಹಸಿ ಮರವೂ ಭಾರವೇ! ಅದು ಒಣಗಿದಾಗ ಬಾಯಿ ಅಂಡಾಕಾರವಾಗಿ 16 ಘರ್‌ಗಳೂ (ಅಂಚಿನ ಸುತ್ತ ಶ್ರುತಿ ಮಾಡುವ ಜಾಗಗಳು) ಒಂದೇ ಶ್ರುತಿಗೆ ಕೂರಲ್ಲ. ಬಾಯಿಯ ವ್ಯಾಸ ಎರಡು ಕಡೆ ಅಳೆಯಿರಿ.

ಉತ್ತರ 3: ವಾರ್ನಿಶ್ ಮರಕ್ಕೆ ತೇವ ತಗಲೋದನ್ನು ತಡೆಯುತ್ತೆ, ಚರ್ಮಕ್ಕಲ್ಲ. ಮುಂಬೈ ಜುಲೈನಲ್ಲಿ ಶ್ರುತಿ ಇಳಿದೇ ಇಳಿಯುತ್ತೆ, ಗಟ್ಟ (ಪಕ್ಕದ ಪಟ್ಟಿಗಳಡಿಯ ಮರದ ತುಂಡು) ತಟ್ಟಿ ಏರಿಸಿಕೊಳ್ಳಿ.