ಧ್ವನಿ ಟೈಪಿಂಗ್‌ನಿಂದ ಕನ್ನಡ ಬರವಣಿಗೆ: ಬಳಸಿದವರು ಅನುಭವ ತಿಳಿಸಿ

ಕೊಪ್ಪಳದ ಶಿಕ್ಷಕರ ಪ್ರಶ್ನೆ: ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರ ಕಸುಬಿನ ಬಗ್ಗೆ ದೀರ್ಘ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮಣಿಕಟ್ಟಿನ ನೋವಿನಿಂದಾಗಿ ಹೆಚ್ಚು ಹೊತ್ತು ಟೈಪ್ ಮಾಡಲು ಆಗುತ್ತಿಲ್ಲ. ಮಾತನಾಡಿ ಬರೆಸಿದರೆ ಕೆಲಸ ನಿಜಕ್ಕೂ ಬೇಗ ಸಾಗುತ್ತದೆಯೇ? ಮುದ್ರಣಾಲಯದವರು ಲೇಖನವನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಅಕ್ಷರದಲ್ಲಿಯೇ ಕೇಳುತ್ತಾರೆ ಎಂಬುದೂ ಒಂದು ಚಿಂತೆ.

ರಾಯಚೂರಿನ ಉಪನ್ಯಾಸಕರು: ಗುರುಗಳೇ, ಮೊದಲ ಕರಡು ಖಂಡಿತ ಬೇಗ ಆಗುತ್ತದೆ, ತಿದ್ದುವ ಕೆಲಸ ಮಾತ್ರ ಕೈಗೇ ಉಳಿಯುತ್ತದೆ. ಗೂಗಲ್ 2017ರಲ್ಲಿ ಕನ್ನಡಕ್ಕೂ ಧ್ವನಿ ಟೈಪಿಂಗ್ ತಂದಿತು. ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನ ಮೈಕ್ ಗುರುತು ಒತ್ತಿದರೆ ಸಾಕು. ಕಂಪ್ಯೂಟರಿನಲ್ಲಾದರೆ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು, ಟೂಲ್ಸ್ ಪಟ್ಟಿಯ ವಾಯ್ಸ್ ಟೈಪಿಂಗ್‌ನಲ್ಲಿ ಕನ್ನಡ ಆರಿಸಬೇಕು.

ನನಗೆ ಹೆಚ್ಚು ಲಾಭವಾಗಿದ್ದು ಮಾತನಾಡುವ ಮುನ್ನ ಮಾಡಿಕೊಳ್ಳುವ ಸಿದ್ಧತೆಯಿಂದ. ಹೇಳಬೇಕಾದ ವಿಷಯಗಳನ್ನು ಕ್ರಮವಾಗಿ ಚೀಟಿಯಲ್ಲಿ ಗುರುತು ಹಾಕಿಕೊಂಡು, ಒಂದು ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡ ಮೇಲೆಯೇ ಬಾಯಿ ತೆರೆಯುತ್ತೇನೆ. ಹಾಗಿಲ್ಲದಿದ್ದರೆ ಅರ್ಧ ಹೇಳಿ ನಿಲ್ಲಿಸಿದ ಮಾತುಗಳೆಲ್ಲ ಪರದೆಯ ಮೇಲೆ ಬಂದು ಕೂತು, ಅವುಗಳನ್ನು ಅಳಿಸುವುದರಲ್ಲಿಯೇ ಸಂಜೆ ಕಳೆಯುತ್ತದೆ. ನಮ್ಮ ಕಡೆಯ ರೂಢಿಯಂತೆ ‘ಗೊಂಬಿ ಮಾಡ್ಯಾರ’ ಎಂದರೆ ಅದು ತಡವರಿಸುತ್ತದೆ, ‘ಗೊಂಬೆ ಮಾಡಿದ್ದಾರೆ’ ಎಂದು ಬಿಡಿಸಿ ಹೇಳಿದರೆ ಸರಿಯಾಗಿ ಮೂಡುತ್ತದೆ. ಬಿಸಿಲುಗಾಲದಲ್ಲಿ ಕೂಲರ್ ಸದ್ದು ದೊಡ್ಡ ತೊಂದರೆ. ಇಯರ್‌ಫೋನಿನ ಮೈಕ್ ಬಾಯಿಯ ಹತ್ತಿರವಿದ್ದರೆ ಪರಿಣಾಮ ಬಹಳ ಉತ್ತಮ. ಪೂರ್ಣವಿರಾಮ, ಅಲ್ಪವಿರಾಮಗಳನ್ನು ಆಮೇಲೆ ಕೈಯಿಂದಲೇ ಹಾಕುತ್ತೇನೆ.

ಮಾತನಾಡುವಾಗ ಪರದೆಯನ್ನು ನೋಡಬೇಡಿ, ತಪ್ಪು ಕಂಡರೆ ವಿಚಾರದ ಓಟ ತುಂಡಾಗುತ್ತದೆ. ಆದರೆ ಅದೇ ದಿನ ತಿದ್ದಿರಿ. ಎರಡು ದಿನ ಬಿಟ್ಟರೆ, ತಪ್ಪಾಗಿ ಮೂಡಿದ ಪದದ ಜಾಗದಲ್ಲಿ ತಾವು ಏನು ಹೇಳಿದ್ದಿರಿ ಎಂಬುದೇ ನೆನಪಾಗುವುದಿಲ್ಲ. ‘ಕಿಟ್ಟ’, ‘ಲಾಜವಾರ’ದಂತಹ ಕಸುಬಿನ ಪದಗಳು ತಪ್ಪಾಗಿಯೇ ಬರುತ್ತಿದ್ದರೆ, ಆ ಜಾಗದಲ್ಲಿ ‘ಗುರುತು ಒಂದು’, ‘ಗುರುತು ಎರಡು’ ಎಂದು ಹೇಳುತ್ತ ಹೋಗಿ, ಕೊನೆಗೆ ಹುಡುಕಿ ಬದಲಿಸುವ ಸೌಲಭ್ಯದಿಂದ ಒಮ್ಮೆಲೇ ಸರಿಪಡಿಸಬಹುದು.

ಬಳ್ಳಾರಿಯ ಡಿಟಿಪಿ ಕೆಲಸಗಾರರು: ಸರ್, ಧ್ವನಿಯಿಂದ ಮೂಡುವುದು ಯೂನಿಕೋಡ್ ಅಕ್ಷರ, ಅಂದರೆ ಈಗಿನ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಸಾಮಾನ್ಯ ಸಂಕೇತ ಪದ್ಧತಿಯದು. ಮುದ್ರಣಾಲಯದವರು ಹಳೆಯ ನುಡಿ ಫಾಂಟ್ ಕೇಳಿದರೆ ಪರಿವರ್ತಕದ ಮೂಲಕ ಬದಲಿಸಿ ಕೊಡಬೇಕಾಗುತ್ತದೆ. ಹಾಗೆ ಬದಲಿಸಿದ ಪ್ರತಿಯಲ್ಲಿ ಅರ್ಕಾವತ್ತು ಮತ್ತು ಒತ್ತಕ್ಷರಗಳ ಮೇಲೆ ವಿಶೇಷವಾಗಿ ಕಣ್ಣಾಡಿಸಿ. ನಡುವೆ ಇಂಗ್ಲಿಷ್ ಅಕ್ಷರದ ಪದಗಳಿದ್ದರೆ ಅವುಗಳಿಗೆ ಬೇರೆ ಫಾಂಟ್ ಕೊಡಬೇಕು. ಇಲ್ಲವಾದರೆ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕಾಣುತ್ತವೆ. ತಿದ್ದುಪಡಿಯನ್ನೆಲ್ಲ ಯೂನಿಕೋಡ್ ಪ್ರತಿಯಲ್ಲಿಯೇ ಮುಗಿಸಿ, ಪರಿವರ್ತನೆಯನ್ನು ಕೊನೆಗೆ ಇಟ್ಟುಕೊಳ್ಳಿ, ಮೂಲ ಪ್ರತಿಯನ್ನು ಅಳಿಸಬೇಡಿ.

ಲಿಂಗಸುಗೂರಿನ ಜನಪದ ಹಾಡುಗಳ ಸಂಗ್ರಾಹಕಿ: ಕುಶಲಕರ್ಮಿಗಳ ಮಾತನ್ನು ಧ್ವನಿಮುದ್ರಿಸಿಕೊಂಡಿದ್ದರೆ, ಆ ಧ್ವನಿಯನ್ನೇ ನೇರವಾಗಿ ಮೈಕಿಗೆ ಕೇಳಿಸಬೇಡಿ, ಮನೆಯ ಸದ್ದು, ನಡುವೆ ಬಾಯಿ ಹಾಕುವವರ ಮಾತು ಎಲ್ಲವೂ ಕಲಸಿಹೋಗುತ್ತದೆ. ಒಂದು ಕಿವಿಯಲ್ಲಿ ಧ್ವನಿಮುದ್ರಿಕೆಯನ್ನು ಕೇಳುತ್ತ, ಒಂದೊಂದು ಮಾತಿಗೂ ನಿಲ್ಲಿಸಿ, ಅದನ್ನು ತಾವೇ ಸ್ಪಷ್ಟವಾಗಿ ಮತ್ತೆ ನುಡಿದು ಬರೆಸಿದರೆ ನೋವಿಲ್ಲದೆ ಪುಟಗಳು ತುಂಬುತ್ತವೆ. ಆದರೆ ಹಿರಿಯ ಚಿತ್ರಗಾರರ ಮಾತನ್ನು ಅವರ ನುಡಿಯಲ್ಲಿಯೇ ಉದ್ಧರಿಸಬೇಕಾದ ಕಡೆ ದಯವಿಟ್ಟು ಕೈಯಿಂದಲೇ ಬರೆಯಿರಿ. ಯಂತ್ರವು ‘ಬಂದಾನ’ವನ್ನು ‘ಬಂದನು’ ಮಾಡಿಬಿಟ್ಟರೆ, ಅಚ್ಚಾದ ಲೇಖನವನ್ನು ಓದುವ ಅವರ ಮೊಮ್ಮಕ್ಕಳಿಗೆ ಅಜ್ಜನ ಮಾತು ಸಿಗುವುದಿಲ್ಲ. ಇನ್ನೊಂದು ವಿಷಯ, ಈ ಸೌಲಭ್ಯದಲ್ಲಿ ನಾವಾಡಿದ ಮಾತು ಸಾಮಾನ್ಯವಾಗಿ ಅಂತರ್ಜಾಲದ ಮೂಲಕ ಕಂಪನಿಯ ಸರ್ವರಿಗೆ ಹೋಗುತ್ತದೆ. ಚಿತ್ರಗಾರರ ಸಾಲ, ಸಂಪಾದನೆ, ಮನೆಯ ವಿಚಾರಗಳನ್ನು ಟಿಪ್ಪಣಿ ಪುಸ್ತಕದಲ್ಲಿಯೇ ಇಟ್ಟುಕೊಳ್ಳಿ.